ಮಾರವಾಡದ ತೆಂಗು

ಅರಳಗುಪ್ಪೆಯ ಕರಿಯಪ್ಪ ಸುಳ್ಳು ಹೇಳುವ ಆಸಾಮಿಯಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಕೇಳಿ ನೀವು ಅವನ ಬಗ್ಗೆ ಏನೇನೋ ಅಂದುಕೊಂಡುಬಿಟ್ಟೀರಿ. ಮೂವತ್ತು ವರ್ಷದಿಂದ ಲಾರಿ ಓಡಿಸುವವನು. ತಿಪಟೂರಿನಲ್ಲಿ ಕೊಬ್ಬರಿ ಹೇರಿಕೊಂಡು ರಾಜಸ್ಥಾನದ ಮಾರವಾಡದವರೆಗೆ ಹೋಗಿ, ಇಳಿಸಿ, ಸಿಕ್ಕಿದ ಸಾಮಾನು ತುಂಬಿಕೊಂಡು ವಾಪಸ್ ಬರುವುದು ಅವನ ಕಸುಬು. ಮಂಡಿಯವರು ಕಣ್ಣು ಮುಚ್ಚಿ ಮಾಲು ಕೊಡುತ್ತಾರೆ. ಅಂಥವನು ಆಯುಸ್ಸಿನಲ್ಲಿ ಹೇಳಿದ್ದು ಒಂದೇ ಒಂದು ಸುಳ್ಳು. ಆದರೆ ಅಯ್ಯೋ, ಅದನ್ನು ಇಪ್ಪತ್ತಮೂರು ವರ್ಷ ನೀರು ಹಾಕಿ ಸಾಕಿದ!

ಆದದ್ದು ಹೀಗೆ. ಅವರ ಮನೆತನದಲ್ಲಿ ಮಗು ಹುಟ್ಟಿದರೆ ತೋಟದಲ್ಲಿ ಒಂದು ತೆಂಗಿನ ಸಸಿ ನೆಡುವ ಪದ್ಧತಿ. ಬಾವಿ ಪಕ್ಕದ ಆ ಸಾಲಿಗೆ ಮಕ್ಕಳ ಸಾಲು ಅಂತಲೇ ಹೆಸರು. ಅಲ್ಲಿ ಕರಿಯಪ್ಪನ ಮರ ಇದೆ, ಅವನ ಅಣ್ಣ ಗಂಗರಾಜುವಿನ ಮರ ಇದೆ, ಅಣ್ಣನ ಗಂಡುಮಕ್ಕಳಿಬ್ಬರ ಮರಗಳೂ ಇವೆ. ಕರಿಯಪ್ಪನಿಗೆ ಮಗಳು ಯೋಗಿತಾ ಹುಟ್ಟಿದಾಗ, ಹೆಂಡತಿ ಲಕ್ಷ್ಮಕ್ಕ ಬಚ್ಚಲ ನೀರು ಹರಿಯುವ ಕಡೆ ಮೊಳಕೆ ಬರಿಸಿದ್ದ ಸಸಿಗಳಲ್ಲಿ ದಪ್ಪನೆಯದೊಂದನ್ನು ಆರಿಸಿ ಇಟ್ಟಿದ್ದಳು. ಮಗುವಿಗೆ ಮೂರು ತಿಂಗಳು ತುಂಬಿದ ಮೇಲೆ ಕರಿಯಪ್ಪ ಗುದ್ದಲಿ ಹೆಗಲಿಗೇರಿಸಿದ. ಜಗಲಿ ಮೇಲೆ ಕೂತಿದ್ದ ಅವನಪ್ಪ ಎಲೆಅಡಿಕೆ ಉಗಿದು, "ಎಲ್ಲಿಗ್ಲಾ?" ಅಂದರು.

"ಮಗೀಗೆ ಸಸಿ ಹಾಕಾಕೆ ಕಣಪ್ಪ."

"ಹೆಣ್ ಮಗೀಗಾ? ನಾಳೆ ಕೊಟ್ ಮನೆಗೆ ಹೋಗೋಳಿಗೆ ನಮ್ ತೋಟದಾಗೆ ಮರ ಯಾಕ್ಲಾ? ಇಡು ಗುದ್ದಲಿನ."

ಕರಿಯಪ್ಪ ಇಟ್ಟ. ಅಷ್ಟೇ. ಒಂದು ಮಾತೂ ಆಡಲಿಲ್ಲ. ಒಳಗೆ ಮಗುವಿಗೆ ಹಾಲೂಡಿಸುತ್ತಿದ್ದ ಲಕ್ಷ್ಮಕ್ಕನೂ ಕೇಳಿಸಿಕೊಂಡಳು, ಅವಳೂ ಆಡಲಿಲ್ಲ.

ಆ ವಾರವೇ ಮಾರವಾಡಕ್ಕೆ ಲೋಡು ಬಿತ್ತು. ಹೊರಡುವಾಗ ಲಕ್ಷ್ಮಕ್ಕ ಬುತ್ತಿ ಜೊತೆ ಆ ಸಸಿಯನ್ನೂ ತಂದು ಕ್ಯಾಬಿನ್ನಿನಲ್ಲಿ ಇಟ್ಟಳು. "ಎಲ್ಲಾದ್ರೂ ಒಳ್ಳೆ ಕಡೆ ಹಾಕ್ಬುಡ್ರೀ, ನನ್ ಕಣ್ಮುಂದೆ ಒಣಗೋದು ಬ್ಯಾಡ" ಅಂದಳು. ಕರಿಯಪ್ಪನಿಗೆ ಅದೇ ಒಂದು ದಾರಿ ಅನ್ನಿಸಿತು. ಮನೆ ಹತ್ತಿರ ಮೂರು ಅಡಿ ಜಾಗ ಇಲ್ಲದಿದ್ದರೆ ಏನಾಯ್ತು, ದೇಶ ಎಷ್ಟು ದೊಡ್ಡದಿದೆ!

ದಾರಿಯುದ್ದಕ್ಕೂ ಜಾಗ ನೋಡಿದ. ಒಂದು ಕಡೆ ಕಲ್ಲು, ಒಂದು ಕಡೆ ಬರೀ ಕಬ್ಬು, ಒಂದು ಕಡೆ ನೋಡಿಕೊಳ್ಳುವವರಿಲ್ಲ. ಕೊನೆಗೆ ಮಾರವಾಡದಲ್ಲಿ, ಪಾಲಿ ಊರಿನ ಈಚೆಗೆ, ಅವನು ಯಾವಾಗಲೂ ನಿಲ್ಲುವ ಡಾಬಾದ ಹಿಂದೆ, ಲಾರಿಯವರು ಮೈ ತೊಳೆಯುವ ತೊಟ್ಟಿಯ ಪಕ್ಕ ಗುಂಡಿ ತೋಡಿದ. ನಮ್ಮ ಕಡೆ ಮಾಡುವ ಹಾಗೇ ತಳಕ್ಕೆ ಬೂದಿ, ಅದರ ಮೇಲೆ ಎರಡು ಹಿಡಿ ಉಪ್ಪು. ಡಾಬಾದ ಯಜಮಾನ ಓಡಿ ಬಂದು, ಇಲ್ಲಿ ನೀರೇ ಉಪ್ಪು ಮಾರಾಯ, ಅದಕ್ಕೆ ಮತ್ತೆ ಉಪ್ಪು ಹಾಕ್ತೀಯಲ್ಲ ಅಂತ ಹಿಂದಿಯಲ್ಲಿ ಬಡಕೊಂಡ. ಕರಿಯಪ್ಪ ಕೇಳಬೇಕಲ್ಲ! ತೆಂಗಿನ ವಿಚಾರ ತಿಪಟೂರಿನವನಿಗೆ ಹೇಳಿಕೊಡಲು ಬಂದ ಇವನು ಯಾವ ಸೀಮೆ ದೊಡ್ಡ ಮನುಷ್ಯ ಅಂದುಕೊಂಡು ಇನ್ನೊಂದು ಹಿಡಿ ಹಾಕಿದ.

ನಾಲ್ಕು ತಿಂಗಳು ಬಿಟ್ಟು ಹೋದಾಗ ಅಲ್ಲಿ ಒಂದು ಕರಿ ಮೋಟು ಇತ್ತು, ಅದರ ಪಕ್ಕ ಒಂದು ಮೇಕೆ ಇತ್ತು. ಕರಿಯಪ್ಪ ಅಲ್ಲೇ ಮರಳಿನ ಮೇಲೆ ಕೂತ. ಮನೆಗೆ ಬಂದಾಗ ಲಕ್ಷ್ಮಕ್ಕ ಕಾಲಿಗೆ ನೀರು ಕೊಡುವ ಮುಂಚೆಯೇ "ಸಸಿ ಹೆಂಗೈತೆ?" ಅಂದಳು. ಸೊಂಟದ ಮೇಲೆ ಮಗು ಅವನನ್ನು ನೋಡಿ ನಗುತ್ತಿತ್ತು.

"ಎರಡು ಗರಿ ಬಿಟ್ಟೈತೆ ಕಣೇ" ಅಂದುಬಿಟ್ಟ.

ಅಲ್ಲಿಂದ ಶುರುವಾಯಿತು ನೋಡಿ. ಯೋಗಿತಾಗೆ ಮಾತು ಬಂದ ಮೇಲೆ, ಅವನು ಊರಿಗೆ ಬಂದ ಸಂಜೆಯೆಲ್ಲ ಜಗಲಿಯಲ್ಲಿ ಅವನ ತೊಡೆಯೇರಿ ಕೇಳುತ್ತಿದ್ದುದು ಒಂದೇ, "ಅಪ್ಪ, ನನ್ ಮರ ಹೆಂಗೈತೆ?" ಕರಿಯಪ್ಪ ಕಣ್ಣು ಅರೆಮುಚ್ಚಿ ಹೊರಡುತ್ತಿದ್ದ. ಮೊದಲು ಕಿಬ್ಬನಹಳ್ಳಿ ಕ್ರಾಸು. ಆಮೇಲೆ ದುರ್ಗದ ಬಂಡೆಗಳು, ಒಂದರ ಮೇಲೊಂದು ಮಲಗಿರುವವು. ಆಮೇಲೆ ಮಳೆ ಬಿದ್ದರೆ ಕಾಲು ಬಿಡದ ಕರಿ ಮಣ್ಣು. ಕಬ್ಬಿನ ಸೀಮೆ, ಗಾಳಿಯಲ್ಲೇ ಬೆಲ್ಲದ ವಾಸನೆ. ಘಾಟಿಯಲ್ಲಿ ಮೋಡ ಲಾರಿಯೊಳಗೇ ಬಂದು ಕೂರುತ್ತದೆ. ಆಮೇಲೆ ನರ್ಮದೆ, ಈ ದಡದಿಂದ ಆ ದಡದ ಎಮ್ಮೆ ಇರುವೆಯಷ್ಟು ಕಾಣುವುದು. ಆಮೇಲೆ ಬೋಳು ಬೆಟ್ಟ, ಮರಳು, ಒಂಟೆ. ಅದೆಲ್ಲ ದಾಟಿದ ಮೇಲೆ, ಆ ಬಯಲಿನಲ್ಲಿ ಒಂದೇ ಒಂದು ತೆಂಗು. ಸುತ್ತಲಿನ ಹಳ್ಳಿಯವರು ಬಂದು ನೋಡಿ ಹೋಗುತ್ತಾರಂತೆ. ಒಂಟೆ ಅದರ ನೆರಳಿನಲ್ಲಿ ಮಲಗುತ್ತದಂತೆ. ಹೇಳುತ್ತ ಹೇಳುತ್ತ ಅವನಿಗೇ ಆ ಗರಿಗಳ ಸದ್ದು ಕೇಳಿಸುತ್ತಿತ್ತು.

ಮರವನ್ನು ಮಾತ್ರ ಅವನು ಲೆಕ್ಕ ತಪ್ಪದೆ ಬೆಳೆಸಿದ. ಏಳನೇ ವರ್ಷಕ್ಕೆ ಹೊಂಬಾಳೆ ಒಡೆಸಿದ, ಎಂಟಕ್ಕೆ ಕಾಯಿ ಕಚ್ಚಿಸಿದ. ಕಾಯಿ ಕಚ್ಚಿದ ಮೇಲೆ ಮಗಳು ಕಾಯಿ ಕೇಳದೆ ಇರುತ್ತಾಳೆಯೇ? ಮನೆಯ ಕಾಯಿ ಕೊಟ್ಟರೆ ಲಕ್ಷ್ಮಕ್ಕ ನೋಡಿದ ಕೂಡಲೇ ಯಾವ ಮರದ್ದು ಅಂತ ಹೇಳಿಬಿಡುತ್ತಾಳೆ. ಹಾಗಾಗಿ ವಾಪಸ್ ಬರುವಾಗ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಲಾರಿ ನಿಲ್ಲಿಸಿ ಮೀನಾಕ್ಷಮ್ಮನ ಅಂಗಡಿಯಲ್ಲಿ ಒಂದು ಕಾಯಿ ಕೊಳ್ಳುತ್ತಿದ್ದ. ಮನೆಯ ಅಟ್ಟದಲ್ಲಿ ಸಾವಿರಗಟ್ಟಲೆ ಕಾಯಿ ಒಣಗಿಸುತ್ತಿರುವವನು ದುಡ್ಡು ಕೊಟ್ಟು ಕಾಯಿ ಕೊಳ್ಳುವುದನ್ನು ನೋಡಿ ಮೀನಾಕ್ಷಮ್ಮ, "ಏನ್ ಕರಿಯಪ್ಪ, ತಲೆಗೇನಾದ್ರೂ ಬಿಸಿಲು ಹತ್ತೈತಾ?" ಅಂತ ಪ್ರತಿ ಸಲ ನಗುತ್ತಿದ್ದಳು. ಯೋಗಿತಾ ಆ ಕಾಯಿಯ ಚೂರು ಕಚ್ಚಿ, "ಮರಳಿನ ಕಾಯಿ ಸಿಹಿ ಜಾಸ್ತಿ" ಅನ್ನುವಳು. ಸ್ಕೂಲಿನಲ್ಲಿ ದೇಶದ ನಕ್ಷೆ ಬರೆಯುವಾಗ ರಾಜಸ್ಥಾನದಲ್ಲಿ ತೆಂಗಿನ ಮರ ಬರೆದಳು. ಮೇಷ್ಟ್ರು ಕೆಂಪು ಗೀಟು ಹೊಡೆದರು. "ಅದು ನಂದೇ ಮರ ಸಾರ್" ಅಂತ ಜಗಳವಾಡಿ ಬೆಂಚಿನ ಮೇಲೆ ನಿಂತಳೇ ಹೊರತು ಅಳಿಸಲಿಲ್ಲ.

ಈಗ ಅವಳಿಗೆ ಇಪ್ಪತ್ತಮೂರು. ಬಿ.ಎಡ್ ಮುಗಿಸಿದ್ದಾಳೆ. ತುರುವೇಕೆರೆಯ ಕಲ್ಲೇಶನ ಜೊತೆ ಮದುವೆ ಗೊತ್ತಾಗಿದೆ. ಒಂದು ಬೆಳಿಗ್ಗೆ ರೊಟ್ಟಿ ಮುರಿಯುತ್ತ, "ಅಪ್ಪ, ಮದ್ವೆಗೆ ಮುಂಚೆ ನನ್ ಮರ ನೋಡ್ಬೇಕು. ಈ ಲೋಡಿಗೆ ನಾನೂ ಬತ್ತೀನಿ" ಅಂದಳು.

ಕರಿಯಪ್ಪ ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಹಾಕಿದ. "ಸೆಕೆ ಕಣವ್ವ" ಅಂದ, "ಲಾರಿ ಕುಲುಕ್ತದೆ" ಅಂದ. ಅವಳು ಬಚ್ಚಲ ಹಿಂದಿನಿಂದ ಒಂದು ಸಸಿ ತಂದು ಕ್ಯಾಬಿನ್ನಿನಲ್ಲಿ ಇಟ್ಟೇಬಿಟ್ಟಳು. "ಇಷ್ಟು ವರ್ಷ ಒಂಟಿಯಾಗೈತೆ ಪಾಪ, ಜೊತೆಗೊಂದು ಇರ್ಲಿ."

ಹೊರಟರು. ಗೇರು ಬದಲಿಸಿದಾಗಲೆಲ್ಲ ಸಸಿಯ ಗರಿ ಕರಿಯಪ್ಪನ ಮಂಡಿಗೆ ತಾಗುತ್ತಿತ್ತು. ದುರ್ಗ ದಾಟುವಾಗ ಹೇಳಿಬಿಡೋಣ ಅಂದುಕೊಂಡ. ಆದರೆ ಅವಳು ಕಿಟಕಿಗೆ ಮುಖವಿಟ್ಟು, "ಅಪ್ಪ, ಬಂಡೆ ಮಲಗೈತೆ! ನೀನ್ ಹೇಳ್ದಂಗೇ ಐತೆ!" ಅಂದಳು. ಸರಿ, ಹುಬ್ಬಳ್ಳಿ ದಾಟಲಿ ಅಂದುಕೊಂಡ. ಕರಿ ಮಣ್ಣಿನ ಮೇಲೆ ಸಂಜೆ ಬಿಸಿಲು ಬಿದ್ದು ಹೊಲವೆಲ್ಲ ನೇರಳೆಯಾಗಿತ್ತು, ಅವಳು ತನ್ನಷ್ಟಕ್ಕೆ ತಾನೇ ನಗುತ್ತಿದ್ದಳು. ಘಾಟಿಯಲ್ಲಿ ಮೋಡ ಬಂದು ಇಬ್ಬರ ನಡುವೆ ಕೂತಿತು, ಸಸಿಯ ಎಲೆ ಒದ್ದೆಯಾಯಿತು. ನರ್ಮದೆಯ ಸೇತುವೆ ಮೇಲೆ ಎಮ್ಮೆ ಹುಡುಕಿ ಹುಡುಕಿ, "ಇರುವೆಯಷ್ಟೇ ಕಣಪ್ಪ, ನಿಜ!" ಅಂತ ಕೈ ತಟ್ಟಿದಳು. ಕರಿಯಪ್ಪ ಹೇಳಿದ್ದೆಲ್ಲ ನಿಜವಾಗುತ್ತಾ ಹೋಯಿತು. ಊರುಗಳ ಹೆಸರು ಬದಲಾದವು, ಪೇಟದ ಬಣ್ಣ ಬದಲಾಯಿತು, ಚಹಾದ ರುಚಿ ಬದಲಾಯಿತು. ಅವಳು ಚಿಕ್ಕಂದಿನ ಜಗಲಿಯಲ್ಲೇ ಕೂತವಳ ಹಾಗೆ ಎಲ್ಲವನ್ನೂ ಗುರುತು ಹಿಡಿಯುತ್ತಿದ್ದಳು. ಕರಿಯಪ್ಪ ಮಾತ್ರ ರಸ್ತೆಯ ಮೈಲಿಗಲ್ಲು ಎಣಿಸುತ್ತಿದ್ದ. ಈ ಹುಡುಗಿ ಇನ್ನು ಮೇಲೆ ನನ್ನ ಯಾವ ಮಾತನ್ನು ನಂಬುತ್ತಾಳೆ?

ನಾಲ್ಕನೇ ದಿನ ಮಧ್ಯಾಹ್ನ ಡಾಬಾ ಬಂತು. ಲಾರಿ ನಿಲ್ಲುವ ಮುಂಚೆಯೇ ಅವಳು ಸಸಿ ಎತ್ತಿಕೊಂಡು ಇಳಿದು ಹಿಂದಕ್ಕೆ ಓಡಿದಳು. ಅಲ್ಲಿ ತೊಟ್ಟಿ ಇತ್ತು. ಹಗ್ಗದ ಮಂಚದ ಮೇಲೆ ಯಜಮಾನ ಇದ್ದ, ಈಗ ಪೂರಾ ಮುದುಕ. ಅದರಾಚೆ ಬರೀ ಮರಳು, ಅಲ್ಲೊಂದು ಇಲ್ಲೊಂದು ಮುಳ್ಳು ಗಿಡ, ಬಿಸಿಲು.

ಸ್ಕೂಲಲ್ಲಿ ಕಲಿತ ಹಿಂದಿಯಲ್ಲಿ ಅವಳು ಮುದುಕನನ್ನು ಕೇಳಿದಳು. ಅವನು ನಕ್ಕ. ತೆಂಗೇ? ಅದು ಮೊದಲನೇ ಚಳಿಗೇ ಸುಟ್ಟುಹೋಯಿತು ಮಗಳೇ, ಉಳಿದದ್ದನ್ನು ನಮ್ಮ ಮೇಕೆ ತಿಂದಿತು. ನಿಮ್ಮಪ್ಪ ಇಲ್ಲೇ ಕೂತು ಅತ್ತುಬಿಟ್ಟ, ನಾನು ಕೊಟ್ಟ ಚಹಾನೂ ಕುಡಿಯಲಿಲ್ಲ ಅಂದ. ಕರಿಯಪ್ಪ ತೊಟ್ಟಿಯ ಹತ್ತಿರ ಬಂದು ನಿಂತಿದ್ದ. ಮಗಳು ಅವನ ಕಡೆ ತಿರುಗಲಿಲ್ಲ. ಸಸಿ ಎದೆಗವಚಿಕೊಂಡು ಬಂದು ಕ್ಯಾಬಿನ್ನಿನಲ್ಲಿ ಕೂತಳು.

ಮಾಲು ಇಳಿಸಿದರು, ಬೇರೆ ತುಂಬಿದರು, ತಿರುಗಿದರು. ಇಡೀ ದಾರಿ ಅವಳು ಸಸಿಯನ್ನು ತೊಡೆಯಿಂದ ಇಳಿಸಲಿಲ್ಲ. ನರ್ಮದೆಯ ಸೇತುವೆ ಮೇಲೆ ಲಾರಿಗಳು ಸಾಲುಗಟ್ಟಿ ನಿಂತವು. ಕೆಳಗೆ ನೀರು ಹೊಳೆಯುತ್ತಿತ್ತು. ಆಗ ಅವಳು ಅಂದಳು:

"ಅಪ್ಪ, ಮರ ಒಣಗಿದ್ದಕ್ಕೆ ನಂಗೆ ಸಿಟ್ಟಿಲ್ಲ. ಸುಳ್ಳಿಗೂ ಇಲ್ಲ, ಬುಡು, ಚೆಂದಾಗ್ ಹೇಳ್ದೆ. ಆದ್ರೆ ನನ್ ಸಸಿನ ಇಷ್ಟು ದೂರ ಯಾಕಪ್ಪ ತಂದೆ? ಬಾವಿ ಪಕ್ಕ ಜಾಗ ಇತ್ತಲ್ಲ."

ಕರಿಯಪ್ಪ ಸ್ಟೇರಿಂಗ್ ಹಿಡಿದು ನೀರು ನೋಡಿದ. "ನಮ್ಮಪ್ಪನ ಮುಂದೆ ಬಾಯಿ ಬರ್ಲಿಲ್ಲ ಕಣವ್ವ" ಅಂದ. ಕಣ್ಣು ತುಂಬಿ ಬಂದು ಮುಂದಿನ ಲಾರಿ ಮಸುಕಾಯಿತು. "ಹೆದರ್ಕಂಡೆ. ಅಷ್ಟೇ."

ಅವಳು ಅವನ ಕಡೆ ತಿರುಗಿ ಕೂತಳು. ಬಾಟಲಿ ಬಿಚ್ಚಿ ಸಸಿಯ ಬುಡಕ್ಕೆ ನೀರು ಹನಿಸಿದಳು.

ಅರಳಗುಪ್ಪೆಗೆ ಬಂದ ಕೂಡಲೇ ಕರಿಯಪ್ಪ ಮುಖ ಸಹ ತೊಳೆಯಲಿಲ್ಲ. ಗುದ್ದಲಿ ತೆಗೆದುಕೊಂಡು ನೇರ ಮಕ್ಕಳ ಸಾಲಿಗೆ ಹೋಗಿ ತೋಡತೊಡಗಿದ. ಅವನಪ್ಪ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು, ಆದರೂ ಅವನು ಎರಡು ಸಲ ಜಗಲಿಯ ಕಡೆ ತಿರುಗಿ ನೋಡಿದ. ಸದ್ದು ಕೇಳಿ ಅಣ್ಣ ಗಂಗರಾಜು ಪಂಚೆ ಎತ್ತಿಕಟ್ಟಿ ಬಂದ.

"ಏನ್ಲಾ ಇದು? ಅಪ್ಪ ಏನ್ ಹೇಳಿದ್ರು ಮರ್ತೋಯ್ತಾ?"

ಕರಿಯಪ್ಪ ಅಗೆಯುವುದನ್ನು ನಿಲ್ಲಿಸಿದ. ಗುದ್ದಲಿ ಮಾತ್ರ ಕೆಳಗಿಡಲಿಲ್ಲ. "ಮರ್ತಿಲ್ಲ ಕಣಣ್ಣ. ಅವತ್ತು ಅಪ್ಪಂಗೆ ಹೇಳ್ಬೇಕಾಗಿತ್ತು, ಹೇಳ್ಲಿಲ್ಲ. ಇವತ್ತು ನಿಂಗೆ ಹೇಳ್ತೀನಿ. ಇದು ನನ್ ಮಗಳ ಜಾಗ."

ಗಂಗರಾಜು ಅವನನ್ನು ನೋಡಿದ, ಸಸಿ ಹಿಡಿದು ನಿಂತ ಯೋಗಿತಾಳನ್ನು ನೋಡಿದ, ಗುಂಡಿ ನೋಡಿದ. "ಆಯ್ತು ಕಣಯ್ಯ, ಯಾರ್ ಬ್ಯಾಡ ಅಂದ್ರು? ಆದ್ರೆ ಗುಂಡಿ ಸಾಲಿಗೆ ಓರೆ ಐತೆ, ಲಾರಿ ಓಡ್ಸೋನಿಗೆ ತೋಟದ ಕೆಲ್ಸ ಎಲ್ ಬತ್ತದೆ. ತತ್ತಾ ಹಗ್ಗ" ಅಂತ ತಾನೇ ಹಗ್ಗ ಎಳೆದು ಸಾಲು ಹಿಡಿದ.

ಇಷ್ಟೇನಾ? ಇಷ್ಟೇ ಮಾತಿಗೆ ನಾನು ಇಡೀ ದೇಶ ಸುತ್ತಿದೆನಲ್ಲ! ಹಾಗಂದುಕೊಂಡು ಕರಿಯಪ್ಪ ಗುಂಡಿಯೊಳಗೆ ನಿಂತೇ ನಕ್ಕ, ನಗುತ್ತಲೇ ಅತ್ತ. ಲಕ್ಷ್ಮಕ್ಕ ಬೂದಿ ತಂದು ಸುರಿದಳು, ಎರಡು ಹಿಡಿ ಉಪ್ಪು ಹಾಕಿದಳು. ಯೋಗಿತಾ ಸಸಿ ಇಟ್ಟು ಮಣ್ಣು ತುಳಿದಳು.

ಮದುವೆಯಾಯಿತು. ತುರುವೇಕೆರೆಯಿಂದ ಅವಳು ಹದಿನೈದು ದಿನಕ್ಕೊಮ್ಮೆ ಭಾನುವಾರ ಬಸ್ಸು ಹತ್ತಿ ಬರುತ್ತಾಳೆ, ಬುಡ ಬಿಡಿಸುತ್ತಾಳೆ, ಸಂಜೆ ಬಸ್ಸಿಗೆ ವಾಪಸ್.

ಮೊನ್ನೆ ಕರಿಯಪ್ಪ ಮಾರವಾಡದ ಅದೇ ಡಾಬಾದಲ್ಲಿ ಹಗ್ಗದ ಮಂಚದ ಮೇಲೆ ಕೂತಿದ್ದ. ಎದುರಿಗೆ ಮರಳು, ಬಿಸಿಲು, ದೂರದಲ್ಲಿ ಎರಡು ಒಂಟೆ. ಭಾನುವಾರ ಅಂತ ನೆನಪಾಗಿ ಮಗಳಿಗೆ ಫೋನು ಮಾಡಿದ. ಆ ಕಡೆ ಬಾವಿಯ ಮೋಟರಿನ ಸದ್ದು ಕೇಳಿಸುತ್ತಿತ್ತು.

"ನಿನ್ ಮರ ಹೆಂಗೈತೆ ಮಗ?"

"ಎರಡು ಗರಿ ಬಿಟ್ಟೈತೆ ಕಣಪ್ಪ."

ಕರಿಯಪ್ಪ ಮಂಚದಿಂದ ಎದ್ದು ನಿಂತ. "ನಿಜಾನಾ?" ಅಂದ.

"ನಾನೇನ್ ನಿನ್ನಂಗಾ?" ಅಂತ ಅವಳು ನಕ್ಕಳು. "ನೀನೇ ಬಂದ್ ನೋಡು."