ಎಮ್ಮೆಗಳ ಒತ್ತುವರಿ

ಶಿರವಾಳದ ಹಳೆಯ ಗುಡಿಯೊಂದಕ್ಕೆ ಪ್ರವಾಸೋದ್ಯಮ ಇಲಾಖೆಯವರು ನನ್ನನ್ನು ಉಸ್ತುವಾರಿ ಎಂದು ಹಾಕಿದಾಗ, ಅಲ್ಲಿ ಮೊದಲೇ ಒಬ್ಬ ಉಸ್ತುವಾರಿ ಇದ್ದಳು. ಅದು ನನಗಾಗ ಹೊಳೆಯಲಿಲ್ಲ. ಕಂಡದ್ದು ಮುಖಮಂಟಪದಲ್ಲಿ ಕಟ್ಟಿದ್ದ ಎರಡು ಎಮ್ಮೆ, ಮೂಲೆಯಲ್ಲಿ ಮೇವಿಗೆಂದು ಒಟ್ಟಿದ್ದ ಜೋಳದ ಕಣಿಕೆ. ಎರಡೂ ಪಕ್ಕದ ಮನೆಯ ಹೆಂಗಸಿನವು. ಅವಳ ಅತ್ತೆಯ ಕಾಲದಿಂದ ಹಾಗೇ ನಡೆದಿತ್ತು. ದಿನಾ ನಸುಕಿನಲ್ಲಿ ಅಂಗಳ ಗುಡಿಸಿ, ಸೆಗಣಿ ಸಾರಿಸಿ, ದೀಪ ಹಚ್ಚಿ, ಆಮೇಲೆ ಹಾಲು ಹಿಂಡುತ್ತಿದ್ದಳು. ಕಂಬಗಳ ಮೇಲೆ ಯಾರೂ ಹೆಸರು ಗೀಚುತ್ತಿರಲಿಲ್ಲ. ಅವಳ ಬಾಯಿ ಊರಿಗೆಲ್ಲ ಗೊತ್ತಿತ್ತು.

ನಾನು ಶಹಾಪುರದಲ್ಲಿ ಎರಡು ದಿನ ತರಬೇತಿ ಮುಗಿಸಿ ಬಂದವನು. ಸುಸ್ಥಿರ ಪ್ರವಾಸೋದ್ಯಮಕ್ಕೆ ಸ್ಥಳೀಯರೇ ಜೀವಾಳ ಎಂದು ನೋಟ್‌ಬುಕ್ಕಿನಲ್ಲಿ ಅಡಿಗೆರೆ ಎಳೆದು ಬರೆದುಕೊಂಡಿದ್ದೆ. ವರದಿಯಲ್ಲಿ ಮಾತ್ರ ‘ಒತ್ತುವರಿ: ಎಮ್ಮೆ ಎರಡು’ ಎಂದು ಬರೆದೆ. ನನ್ನದು ವರ್ಷವರ್ಷಕ್ಕೆ ಮುಂದುವರಿಸುವ ನೌಕರಿ. ಏನಾದರೊಂದನ್ನು ತೆರವು ಮಾಡಿ ತೋರಿಸಬೇಕಿತ್ತು.

“ಎಮ್ಮಿ ಎಲ್ಲಿ ಕಟ್ಲಿರಿ? ಮನಿ ಮುಂದ ನೆರಳಿಲ್ಲ,” ಎಂದಳು.

“ಇಲ್ಲಿ ಕಸಾ ಹೊಡಿಯೋ ನೌಕರಿ ಬರತದ. ಸಾಹೇಬ್ರಿಗಿ ನಿಮ್ಮ ಹೆಸರೇ ಹೇಳ್ತೀನಿ,” ಎಂದೆ.

ಆ ಮಾತು ನಂಬಿ ಜಾಗ ಬಿಟ್ಟಳು. ಬಿಸಿಲಿಗೆ ಬಡವಾದ ಒಂದು ಎಮ್ಮೆಯನ್ನು ಮಾರಿದಳು. ನಾವು ತಂತಿಬೇಲಿ ಸುತ್ತಿ, ಗೇಟಿಗೆ ಬೀಗ ಜಡಿದು ಪರಂಪರೆಯನ್ನು ಉಳಿಸಿದೆವು. ಮಳೆಗಾಲ ಮುಗಿಯುವುದರೊಳಗೆ ಒಳಗೆ ಸೊಂಟದೆತ್ತರ ಹುಲ್ಲು. ಯಾದಗಿರಿ ಕಡೆಯ ಜೋಡಿಯೊಂದು ಬೇಲಿ ಹಾರಿ, ನಂದಿಯ ಬೆನ್ನ ಮೇಲೆ ಇದ್ದಿಲಿನಿಂದ ತಮ್ಮ ಪ್ರೀತಿಯನ್ನು ಬರೆದು ಹೋಯಿತು.

ದೊಡ್ಡ ಸಾಹೇಬರು ತಪಾಸಣೆಗೆ ಬರುತ್ತಾರೆಂದಾಗ ಅವಳ ಬಾಗಿಲಿಗೇ ಹೋದೆ. ಬೇರೆ ಯಾರ ಬಾಗಿಲು ನನಗೆ ಗೊತ್ತಿತ್ತು? ಕುಡುಗೋಲು, ಕಸಬರಿಗೆ ಹಿಡಿದು ಬಂದಳು. ಎರಡು ದಿನ ಕೊಯ್ದು, ಗುಡಿಸಿ, ನಂದಿಯ ಬೆನ್ನು ತಿಕ್ಕಿ ತಿಕ್ಕಿ ತೊಳೆದಳು.

“ಈ ಸಲ ಮರೀಬ್ಯಾಡ್ರಿ, ನನ್ನ ಹೆಸರು ಹೇಳ್ರಿ,” ಎಂದು ತನ್ನ ಮನೆಯ ಕಟ್ಟೆಗೆ ಹೋಗಿ ಕೂತಳು.

ಸಾಹೇಬರು ಅಂಗಳದ ನಡುವೆ ನಿಂತು ಸುತ್ತ ನೋಡಿದರು. “ಇಷ್ಟು ಚೊಕ್ಕಟವಾಗಿ ಇಟ್ಟಿರೋದು ಯಾರು?” ಎಂದು ಕೇಳಿದರು. ನನ್ನ ನೌಕರಿ ಮುಂದುವರಿಸುವ ಕಾಗದಕ್ಕೆ ಸಹಿ ಬೀಳಬೇಕಾದದ್ದು ಅವರದೇ.

“ನಾನೇ ಸರ್,” ಎಂದೆ.

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಯಾರ ಕೈ, ಯಾರ ಬಾಯಿ ಎಂದು ಗಾದೆ ಬಿಡಿಸಿ ಹೇಳುವುದಿಲ್ಲ. ನನಗೆ ನಾಚಿಕೆಯಾಯಿತು, ನಿಜ. ಆಡಿದ ಮಾತನ್ನು ತಿದ್ದುವಷ್ಟು ಆಗಲಿಲ್ಲ.

ಜೀಪು ಹೋದ ಮೇಲೆ ಅವಳು ಎದ್ದು ಬಂದಳು. “ಹೇಳಿದ್ರೇನ್ರಿ?”

“ಹೇಳೀನಿ. ನೋಡ್ತೀವಿ ಅಂದಾರ.”

ಮರುದಿನ ನಾನು ಬೀಗ ತೆಗೆಯಲು ಹೋದಾಗ, ಅವಳು ಕಸಬರಿಗೆ ಹಿಡಿದು ಗೇಟಿನ ಮುಂದೆ ಕಾಯುತ್ತ ನಿಂತಿದ್ದಳು.