ದೀಪಾವಳಿಗೆ ಉಳಿದ ಇಬ್ಬರು

ಆಣೆ ಮಾಡಿ ಹೇಳ್ತೀನಿ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಹರಿಹರದ ಹತ್ತಿರ, ಕೈಕೆಲಸ ಮಾಡಿಸುತ್ತಲೇ ಪಾಠ ಕಲಿಸುವ ಪುಟ್ಟ ಗ್ರಾಮೀಣ ವಿದ್ಯಾಪೀಠದಲ್ಲಿ ಓದುತ್ತಿದ್ದೆ. ದೀಪಾವಳಿಗೆ ಎಲ್ಲರೂ ಊರಿಗೆ ಹೊರಟರು. ದಾವಣಗೆರೆಯಿಂದ ನಮ್ಮ ಮನೆಯವರು ಬಾ ಬಾ ಅಂತ ಕರೆದರೂ, ನಾನಿಲ್ಲದೆ ವಿದ್ಯಾಪೀಠ ನಡೆಯೋದಿಲ್ಲವೆಂದು ನಾನೊಬ್ಬನೇ ಉಳಿದೆ.

"ಈ ಎಮ್ಮೆ ಹೊಸಬರಿಗೆ ಹಾಲು ಬಿಡಂಗಿಲ್ಲ. ಹಿಂಡದಿದ್ರೆ ಕೆಚ್ಚಲು ಬಾತು ಕೆಡ್ತೈತೆ, ಹುಷಾರು ತಮ್ಮಾ," ಎಂದು ವಿದ್ಯಾಪೀಠದ ಕೊಟ್ಟಿಗೆ ನೋಡಿಕೊಳ್ಳುವ ಬಸಜ್ಜನೂ ಹೋದ.

ಬೆಳಿಗ್ಗೆ ಎಮ್ಮೆ ಬಕೀಟನ್ನು ಒದ್ದು ಉರುಳಿಸಿತು. ಸಂಜೆ ಪಕ್ಕದಲ್ಲಿ ಕೂತು, ಯಾರಿಗೂ ಹೇಳಿರದ ಮಾತನ್ನೆಲ್ಲ ಅದಕ್ಕೆ ಹೇಳಿದೆ. ಮೆಲುಕು ಹಾಕುತ್ತ ಕೇಳಿತು. ಆಮೇಲೆ ಕೈಯಿಟ್ಟರೆ ಹಾಲು ಸೊರ್ರನೆ ಇಳಿದು, ಬಕೀಟು ತುಂಬಿ, ತುಂಗಭದ್ರೆಗೂ ಒಂದಿಷ್ಟು ಹರಿಯಿತು.

"ಏನ್ ಮಂತ್ರ ಹಾಕಿದ್ಯೋ?" ಎಂದ ಬಸಜ್ಜ, ಹಬ್ಬ ಮುಗಿಸಿ ಬಂದು.

"ಮಾತಾಡಿಸ್ದೆ ಅಜ್ಜಾ."

ಒಂದು ಸಣ್ಣ ಸುಳ್ಳು ಸೇರಿಸಿದ್ದೀನಿ: ಮನೆಯವರು ಕರೆದರು ಅಂದದ್ದು. ಆ ಹಬ್ಬಕ್ಕೆ ನನ್ನನ್ನು ಯಾರೂ ಕರೆದಿರಲಿಲ್ಲ. ಹಾಲು ಹೊಳೆಗೆ ಹರಿದಿದ್ದು ಮಾತ್ರ ಖರೇ.