ಡಾಟ್ ಅವರ ಜರಡಿಗೆ ಸಿಕ್ಕ ಮಗುವಿನ ಸರ

ಬೆಳಗಿನ ಆರು ಗಂಟೆ. ಇಂಗ್ಲೆಂಡಿನ ಸಫೊಕ್‌ನ ಬಾರ್ಲಿ ಹೊಲಗಳ ಮೇಲೆ ಮಂಜು ಇನ್ನೂ ಕರಗಿಲ್ಲ. ಉತ್ಖನನದ ಗುಂಡಿಗಳ ಪಕ್ಕ ಡಾಟ್ ಪ್ರೆಂಟಿಸ್ ಆಗಲೇ ಜರಡಿಯ ಮುಂದೆ ನಿಂತಿದ್ದಾರೆ. ಮಣ್ಣು ಸುರಿದು, ಪೈಪಿನಿಂದ ನೀರು ಬಿಟ್ಟು, ಕೆಸರು ಇಳಿದ ಮೇಲೆ ಉಳಿದ ಹರಳುಗಳ ಮೇಲೆ ಬೆರಳಾಡಿಸುತ್ತಾರೆ. ದಿನಕ್ಕೆ ಅರವತ್ತು ಬಕೆಟ್. ವಯಸ್ಸು ಅರವತ್ತಮೂರು.

ಸಮಾಧಿ ತೆರೆದವರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ಜರಡಿ ಹಿಡಿದವರದು ಬರುವುದಿಲ್ಲ. ಇಪ್ಪತ್ತೇಳು ವರ್ಷ ಬಟಾಣಿ ಕಾರ್ಖಾನೆಯಲ್ಲಿ ಕಾಳಿನಿಂದ ಕಲ್ಲು ಆರಿಸಿದವರು ಡಾಟ್. ಕಾರ್ಖಾನೆ ಮುಚ್ಚಿದ ವರ್ಷವೇ ಗಂಡನೂ ತೀರಿಕೊಂಡರು. "ಮನೇಲಿ ಕೂತು ಗೋಡೆ ನೋಡ್ತಿದ್ದೆ. ಇಲ್ಲಿ ಮಣ್ಣು ನೋಡೋಕೆ ಜನ ಬೇಕು ಅಂದ್ರು, ಬಂದೆ," ಎನ್ನುತ್ತಾರೆ.

ಕಳೆದ ಜೂನ್‌ನಲ್ಲಿ ಪಕ್ಕದ ಹೊಲದಲ್ಲಿ ಆಂಗ್ಲೋ-ಸ್ಯಾಕ್ಸನ್ ಕಾಲದ ಪುಟ್ಟ ಸಮಾಧಿಯೊಂದು ಸಿಕ್ಕಿತು. ನೇಗಿಲು ಅದನ್ನು ಕದಡಿತ್ತು. ಉಳಿದದ್ದು ಐದು ವರ್ಷದ ಮಗುವಿನ ನಾಲ್ಕಾರು ಹಲ್ಲು ಮಾತ್ರ. 'ಜೊತೆಗಿಟ್ಟ ವಸ್ತು: ಇಲ್ಲ' ಎಂದು ತಂಡದ ಮುಖ್ಯಸ್ಥೆ ರೊವೀನಾ ದಾಖಲೆಯಲ್ಲಿ ಬರೆದರು. ಮೂರು ದಿನದಲ್ಲಿ ಜಾಗವನ್ನು ಮನೆ ಕಟ್ಟುವವರಿಗೆ ಬಿಟ್ಟುಕೊಡಬೇಕಿತ್ತು. ಆ ಗುಂಡಿಯ ಹದಿನಾಲ್ಕು ಮೂಟೆ ಮಣ್ಣು ಹಾಗೇ ಬಿದ್ದಿತ್ತು.

"ಅದನ್ನ ಬಿಟ್ಬಿಡಿ ಡಾಟ್, ದೊಡ್ಡವರ ಸಮಾಧಿಗಳ ಮಣ್ಣು ಮುಗಿಸಿ," ಎಂದರು ರೊವೀನಾ.

"ದೊಡ್ಡೋರು ಕಾಯ್ತಾರೆ ಕಣಮ್ಮ. ಮಗೂನ ಬರಿಗೈಲಿ ಕಳ್ಸಿದ್ರು ಅಂತ ನೋಡ್ದೇ ಹೆಂಗ್ ಬರೀತೀಯ?"

"ನಿಮ್ಮ ಹಟಕ್ಕೆ ಮದ್ದಿಲ್ಲ ಬಿಡಿ!"

ಚಹಾ, ಊಟದ ಬಿಡುವನ್ನೆಲ್ಲ ಬಿಟ್ಟು ಡಾಟ್ ಸೋಸಿದರು. ಹತ್ತು ಮೂಟೆಯಲ್ಲಿ ಬರೀ ಕಲ್ಲು. ಹನ್ನೊಂದನೆಯದರಲ್ಲಿ ಸಾಸಿವೆಗಿಂತ ತುಸು ದೊಡ್ಡದಾದ ನೀಲಿ ಗಾಜಿನ ಮಣಿಯೊಂದು ಹೊಳೆಯಿತು. ಆಮೇಲೆ ಹಳದಿ, ಹಸಿರು, ಮತ್ತೆ ನೀಲಿ, ಹೀಗೆ ಮೂವತ್ತೊಂದು. ಕೊನೆಯ ಮೂಟೆಯಲ್ಲಿ ದಾರ ಪೋಣಿಸಲು ತೂತು ಕೊರೆದ ಕವಡೆ! ಎಲ್ಲೋ ದೂರದ ಬಿಸಿಲ ಕಡಲಿನಿಂದ ಇಲ್ಲಿಯವರೆಗೆ ಬಂದದ್ದು.

ರೊವೀನಾ ಕೆಸರಲ್ಲೇ ಮಂಡಿಯೂರಿದರು. ತಂಡದ ಹುಡುಗಹುಡುಗಿಯರೆಲ್ಲ ಸಲಿಕೆ ಬಡಿದು ಕೂಗಿದರು. ದಾಖಲೆಯ 'ಇಲ್ಲ' ಎಂಬುದಕ್ಕೆ ಅಲ್ಲೇ ಗೀಟು ಬಿತ್ತು.

"ಅದು ಕಣ್ಣೋ ಭೂತಗನ್ನಡಿಯೋ ಡಾಟ್?" ಎಂದರು ರೊವೀನಾ.

"ಬಟಾಣಿ ಕಣ್ಣು ಕಣಮ್ಮ!"

ಸರ ಈಗ ಊರಿನ ಮ್ಯೂಸಿಯಮ್ಮಿನಲ್ಲಿದೆ. ಕೆಳಗಿನ ಫಲಕದಲ್ಲಿ ಡಾಟ್ ಹೆಸರೂ ಇದೆ. ಅದರ ಬಗ್ಗೆ ಕೇಳಿದರೆ ಅವರು ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಾರೆ.

"ಸಾವಿರದ ಮುನ್ನೂರು ವರ್ಷದ ಹಿಂದೆ ಯಾವ್ದೋ ತಾಯಿ ಮಗು ಕೊರಳಿಗೆ ಕಟ್ಟಿದ್ಲು. ಅವಳ ಕೈಯಿಂದ ಸೀದಾ ನನ್ನ ಕೈಗೆ ಬಂತು. ನಡುವೆ ಇನ್ಯಾರೂ ಮುಟ್ಟಿಲ್ಲ."